ವ್ಯವಹಾರ ಅರ್ಥಶಾಸ್ತ್ರದಲ್ಲಿ ಪಿಎಚ್.ಡಿ.: ಕೋರ್ಸ್‌ವರ್ಕ್‌ನಲ್ಲಿ ಓದುವುದೇನು, ಏಕೆ

(ಮಡಿಕೇರಿಯಲ್ಲಿ ಎಂ.ಕಾಂ. ಮತ್ತು ಎಂ.ಎ. ಅರ್ಥಶಾಸ್ತ್ರದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಳೆ ಜೋರಾಗಿದೆ. ಹಿಂದಿನ ಬೆಂಚಿನವರಿಗೆ ಕೇಳಿಸದಿದ್ದರೆ ದಯವಿಟ್ಟು ಮುಂದೆ ಬನ್ನಿ. ಇಂಥ ಜುಲೈ ಮಧ್ಯಾಹ್ನ ಗೋಣಿಕೊಪ್ಪ, ಸೋಮವಾರಪೇಟೆಗಳಿಂದ ಬಸ್ಸು ಹಿಡಿದು ಇಷ್ಟು ಜನ ಬಂದು ಕೂತಿದ್ದೀರಿ. ಅದಕ್ಕೆ ತಕ್ಕ ಮಾತು ಆಡಬೇಕೆಂಬ ಜವಾಬ್ದಾರಿ ನನ್ನ ಮೇಲಿದೆ.

ನಿಮ್ಮ ಅಧ್ಯಾಪಕರು ವಾರದ ಹಿಂದೆಯೇ ನಿಮ್ಮ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿ ನನಗೆ ಕಳಿಸಿದ್ದರು. ‘ಯಾವ ಟಾಪಿಕ್ ತೆಗೆದುಕೊಂಡರೆ ಒಳ್ಳೆಯದು?’ ‘ಗೈಡ್ ಸಿಗುವುದು ಹೇಗೆ?’ ‘ಎಷ್ಟು ವರ್ಷಕ್ಕೆ ಮುಗಿಯುತ್ತದೆ?’ ಹೆಚ್ಚಿನವು ಇಂಥವೇ. ಕೋರ್ಸ್‌ವರ್ಕ್, ಅಂದರೆ ಸಂಶೋಧನೆಗೆ ಮೊದಲು ತರಗತಿಯಲ್ಲಿ ಕೂತು ಓದುವ ಭಾಗ, ಅದರ ಬಗ್ಗೆ ಇದ್ದದ್ದು ಒಂದೇ ಚೀಟಿ: ‘ಕೋರ್ಸ್‌ವರ್ಕ್‌ಗೆ ಅಟೆಂಡೆನ್ಸ್ ಕಡ್ಡಾಯವೇ?’ ಆ ಪ್ರಶ್ನೆ ಕೇಳಿದವರ ಮೇಲೆ ನನಗೆ ಬೇಸರವಿಲ್ಲ. ನಮ್ಮಲ್ಲಿ ಕೋರ್ಸ್‌ವರ್ಕನ್ನು ನಡೆಸುವ ರೀತಿಯೇ ಅಂಥ ಪ್ರಶ್ನೆ ಹುಟ್ಟಿಸುತ್ತದೆ. ಆದರೂ ಉಳಿದೆಲ್ಲ ಚೀಟಿಗಳನ್ನು ಬದಿಗಿಟ್ಟು ಇದೊಂದನ್ನೇ ಹಿಡಿದುಕೊಂಡು ಬಂದಿದ್ದೇನೆ. ಪಿಎಚ್.ಡಿ.ಯಲ್ಲಿ ಓದಿನ ಆ ಮೊದಲ ವರ್ಷ ದಾಟಿ ಹೋಗಬೇಕಾದ ಗೇಟ್ ಅಲ್ಲ, ಮುಂದಿನ ನಾಲ್ಕು ವರ್ಷ ನೀವು ಏನು ಕೇಳಬಲ್ಲಿರಿ ಎಂಬುದು ನಿರ್ಧಾರವಾಗುವ ಜಾಗ. ನಾನು ಇದನ್ನು ತಡವಾಗಿ ಕಲಿತೆ.

ನಾನು ಸಂಶೋಧನೆಗೆ ಹೆಸರು ಹಚ್ಚಿದಾಗ ಕೈಯಲ್ಲಿ ಶೀರ್ಷಿಕೆ ಮೊದಲೇ ಸಿದ್ಧವಿತ್ತು: ‘ಕೊಡಗಿನ ಕಾಫಿ ಬೆಳೆಗಾರರ ಸಮಸ್ಯೆಗಳು ಮತ್ತು ಪರಿಹಾರಗಳು’. ಕೋರ್ಸ್‌ವರ್ಕ್ ಎಂದರೆ ಮೂರು ಪೇಪರ್, ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ನೋಟ್ಸ್, ಕೊನೆಗೊಂದು ಪರೀಕ್ಷೆ. ತರಗತಿ ನಡೆದ ದಿನಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಪಾಸಾದೆ. ಆಮೇಲೆ ಎರಡು ವರ್ಷ ಸುಂಟಿಕೊಪ್ಪ, ಸಿದ್ದಾಪುರ, ನಾಪೋಕ್ಲು ಎಂದು ಅಲೆದು ಮುನ್ನೂರು ಪ್ರಶ್ನಾವಳಿ ತುಂಬಿಸಿದೆ. ಬೆಂಗಳೂರಿನ ಒಂದು ಕಮ್ಮಟದಲ್ಲಿ ಅದನ್ನು ಮಂಡಿಸಿದಾಗ ಹಿರಿಯ ಅಧ್ಯಾಪಕರೊಬ್ಬರು ಪೂರ್ತಿ ಕೇಳಿಸಿಕೊಂಡು ಮೆತ್ತಗೆ ಹೇಳಿದರು, ‘ಬಹಳ ಕಷ್ಟಪಟ್ಟಿದ್ದೀರಿ. ಇದರಲ್ಲಿ ಪ್ರಶ್ನೆ ಯಾವುದು?’ ನನ್ನ ಹತ್ತಿರ ಉತ್ತರವಿರಲಿಲ್ಲ. ಮುನ್ನೂರು ಮನೆಯವರು ಅಂಗಳದಲ್ಲಿ ಕೂರಿಸಿ ಕಾಫಿ ಕೊಟ್ಟು ಹೇಳಿದ್ದ ಮಾತು ನನ್ನ ಚೀಲದಲ್ಲಿತ್ತು. ಅದರಿಂದ ಏನನ್ನು ತೀರ್ಮಾನಿಸಬಹುದು, ಏನನ್ನು ತೀರ್ಮಾನಿಸಬಾರದು ಎಂದು ನನಗೆ ಯಾರೂ ಕಲಿಸಿರಲಿಲ್ಲ. ಮತ್ತೆ ಮೊದಲ ವರ್ಷದ ತರಗತಿಗೆ ಹೋಗಿ, ನನಗಿಂತ ಏಳೆಂಟು ವರ್ಷ ಚಿಕ್ಕವರ ಪಕ್ಕ ಕೂತು ಎಕನಾಮೆಟ್ರಿಕ್ಸ್ (ಅಂಕಿಅಂಶಗಳಿಂದ ಆರ್ಥಿಕ ಪ್ರಶ್ನೆಗಳಿಗೆ ಉತ್ತರ ಹುಡುಕುವ ವಿಧಾನ) ಓದಿದೆ.

ಈಗ ನಿಯಮಕ್ಕೆ ಬರೋಣ. ಯು.ಜಿ.ಸಿ. (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನವೆಂಬರ್‌ನಲ್ಲಿ ಪಿಎಚ್.ಡಿ.ಗೆ ಹೊಸ ನಿಯಮಾವಳಿ ಹೊರಡಿಸಿತು. ಅದರ ಪ್ರಕಾರ ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಅದರೊಳಗೆ ‘ಸಂಶೋಧನೆ ಮತ್ತು ಪ್ರಕಟಣಾ ನೀತಿ’ ಎಂಬ ಪತ್ರಿಕೆ ಎಲ್ಲರಿಗೂ ಕಡ್ಡಾಯ. ಕೋರ್ಸ್‌ವರ್ಕ್‌ನಲ್ಲಿ ಶೇ. 55 ಅಂಕ ಅಥವಾ ಅದಕ್ಕೆ ಸಮನಾದ ಗ್ರೇಡ್ ಬಂದರೆ ಮಾತ್ರ ಮುಂದುವರಿಯಬಹುದು, ಥೀಸಿಸ್ ಸಲ್ಲಿಸಬಹುದು. ಕೋರ್ಸ್‌ವರ್ಕ್ ಸೇರಿ ಒಟ್ಟು ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6. ಎಂ.ಫಿಲ್. ಹೋಗಿದೆ. ಥೀಸಿಸ್‌ಗೆ ಮೊದಲು ಜರ್ನಲ್‌ನಲ್ಲಿ ಲೇಖನ ಪ್ರಕಟಿಸಲೇಬೇಕೆಂಬ ಹಿಂದಿನ ಷರತ್ತನ್ನೂ ಆಯೋಗ ಕೈಬಿಟ್ಟಿದೆ. ದುಡ್ಡು ಕೊಟ್ಟರೆ ಅಚ್ಚು ಹಾಕುವ ಜರ್ನಲ್‌ಗಳ ಕಾಟ ಇದರಿಂದ ಸ್ವಲ್ಪವಾದರೂ ಕಡಿಮೆಯಾಗಲಿ ಎಂಬುದು ನನ್ನ ಆಸೆ. ಪ್ರತಿ ಸೆಮಿಸ್ಟರ್‌ನಲ್ಲೂ ಸಲಹಾ ಸಮಿತಿಯ ಮುಂದೆ ಕೆಲಸದ ಪ್ರಗತಿ ಒಪ್ಪಿಸಬೇಕು. ಪಾಠ ಮಾಡುವ ತರಬೇತಿಯೂ ಇದರ ಭಾಗವೇ.

ಹನ್ನೆರಡು ಕ್ರೆಡಿಟ್ ಎಂದರೆ ಎಷ್ಟು? ಒಂದು ಕ್ರೆಡಿಟ್‌ಗೆ 15 ಗಂಟೆ ಪಾಠ ಎಂದು ಹಿಡಿದರೆ 180 ಗಂಟೆ. ದಿನಕ್ಕೆ ಆರು ಗಂಟೆಯಂತೆ ಕೂತರೆ 30 ದಿನ. ಒಂದು ಎಸ್ಟೇಟಿನ ರೊಬಸ್ಟಾ ಕಾಫಿಯ ಕೊಯ್ಲಿಗೂ ಅದಕ್ಕಿಂತ ಹೆಚ್ಚು ದಿನ ಬೇಕು. ಆಯೋಗ ಹೇಳಿರುವುದು ಕನಿಷ್ಠ ಎಂದು. ಆ ಕನಿಷ್ಠವನ್ನೇ ಸಾಕು ಎಂದುಕೊಂಡದ್ದು ನಾವು. ಐ.ಐ.ಎಂ.ಗಳಲ್ಲಿ ಅರ್ಥಶಾಸ್ತ್ರ ವಿಭಾಗಕ್ಕೆ ಪಿಎಚ್.ಡಿ.ಗೆ ಸೇರಿದರೆ ಸಾಮಾನ್ಯವಾಗಿ ಎರಡು ವರ್ಷ ಓದೇ ಓದು. ಅದಾದ ಮೇಲೆ ಒಂದು ಸಮಗ್ರ ಪರೀಕ್ಷೆ, ಅದರಲ್ಲಿ ಗೆದ್ದವರು ಮಾತ್ರ ಥೀಸಿಸ್‌ಗೆ. ಅಮೆರಿಕದ ಹಾರ್ವರ್ಡ್‌ನಲ್ಲಿ ಬಿಸಿನೆಸ್ ಎಕನಾಮಿಕ್ಸ್ (ವ್ಯವಹಾರ ಅರ್ಥಶಾಸ್ತ್ರ) ಎಂಬ ಹೆಸರಿನಲ್ಲೇ ಪಿಎಚ್.ಡಿ. ಇದೆ. ಬಿಸಿನೆಸ್ ಸ್ಕೂಲ್ ಮತ್ತು ಅರ್ಥಶಾಸ್ತ್ರ ವಿಭಾಗ ಸೇರಿ ನಡೆಸುವ ಆ ಕೋರ್ಸ್‌ಗೆ ಬಂದವರು ಅರ್ಥಶಾಸ್ತ್ರದ ಶುದ್ಧ ಸಿದ್ಧಾಂತವನ್ನೂ ಓದಬೇಕು, ಕಂಪನಿ ಒಳಗಿನಿಂದ ಹೇಗೆ ನಡೆಯುತ್ತದೆ ಎಂಬುದನ್ನೂ ಓದಬೇಕು. ನಮ್ಮಲ್ಲಿ ಈ ವಿಷಯಕ್ಕೆ ಪ್ರತ್ಯೇಕ ವಿಭಾಗ ಅಪರೂಪ. ಒಂದು ಕಡೆ ವಾಣಿಜ್ಯದ ಅಡಿ, ಇನ್ನೊಂದು ಕಡೆ ಅರ್ಥಶಾಸ್ತ್ರದ ಅಡಿ, ಮತ್ತೊಂದು ಕಡೆ ಮ್ಯಾನೇಜ್‌ಮೆಂಟ್ ಅಡಿ ಬರುತ್ತದೆ. ಆದ್ದರಿಂದ ಅರ್ಜಿ ಹಾಕುವಾಗ ಬೋರ್ಡ್ ನೋಡಬೇಡಿ. ಕೋರ್ಸ್‌ವರ್ಕ್ ಪಠ್ಯ ತರಿಸಿಕೊಂಡು ನೋಡಿ. ವಾರವಾರ ಲೆಕ್ಕ ಕೊಟ್ಟು ತಿದ್ದಿಕೊಡುತ್ತಾರೆಯೇ ಎಂದು ಅಲ್ಲಿ ಓದುತ್ತಿರುವವರನ್ನು ಕೇಳಿ.

ಏನು ಓದಬೇಕು? ಎಲ್ಲಿಗೆ ಹೋದರೂ ಬೆನ್ನೆಲುಬು ಅದೇ: ಮೈಕ್ರೋ (ಮನೆ, ಕಂಪನಿ, ಮಾರುಕಟ್ಟೆ ಮಟ್ಟದ ಅರ್ಥಶಾಸ್ತ್ರ), ಮ್ಯಾಕ್ರೋ (ಇಡೀ ದೇಶದ ಮಟ್ಟದ್ದು), ಎಕನಾಮೆಟ್ರಿಕ್ಸ್, ಇವುಗಳಿಗೆ ಬೇಕಾದ ಗಣಿತ. ಅದರ ಮೇಲೆ ಉದ್ಯಮ ಸಂಘಟನೆ, ಹಣಕಾಸು, ಒಪ್ಪಂದ ಸಿದ್ಧಾಂತ ಇತ್ಯಾದಿಗಳಲ್ಲಿ ನೀವು ಆರಿಸಿಕೊಂಡ ಒಂದೆರಡು ಕ್ಷೇತ್ರ. ಇವನ್ನು ಪಟ್ಟಿಯಾಗಿ ಕೇಳಿದರೆ ದೂರದ ವಿಷಯ ಅನಿಸುತ್ತದೆ. ನಮ್ಮ ಕಾಫಿ ಕಣದಲ್ಲಿ ನಿಂತು ನೋಡೋಣ.

ಫೆಬ್ರವರಿ ತಿಂಗಳು. ಒಣಗಿದ ರೊಬಸ್ಟಾ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಚೀಲಕ್ಕೆ ಬಿದ್ದಿದೆ. ಖರೀದಿಗೆ ಬಂದವರು ಚೀಲಕ್ಕೆ ಮೊನೆಯ ಕೊಳವೆ ಚುಚ್ಚಿ ಅಲ್ಲಲ್ಲಿಂದ ಒಂದಿಷ್ಟು ತೆಗೆಯುತ್ತಾರೆ. ತೂಗುತ್ತಾರೆ, ಪುಟ್ಟ ಯಂತ್ರದಲ್ಲಿ ಸಿಪ್ಪೆ ಬಿಡಿಸುತ್ತಾರೆ, ಊದುತ್ತಾರೆ, ಕಪ್ಪು ಬೀಜ, ಬೋರರ್ ಹುಳು ತಿಂದ ಬೀಜ ಬೇರೆ ಮಾಡುತ್ತಾರೆ, ಉಳಿದ ಬೇಳೆಯನ್ನು (ಸಿಪ್ಪೆ ಬಿಡಿಸಿದ ಬೀಜವನ್ನು) ಮತ್ತೆ ತೂಗುತ್ತಾರೆ. ಮಾಯಿಶ್ಚರ್ ಮೀಟರ್ ಇಡುತ್ತಾರೆ. 50 ಕೆ.ಜಿ. ಚೆರ್ರಿಗೆ ಎಷ್ಟು ಕೆ.ಜಿ. ಬೇಳೆ ಬರುತ್ತದೋ ಅದೇ ಔಟ್‌ಟರ್ನ್. 26 ಎಂದರೆ ಒಂದು ರೇಟ್, 25 ಎಂದರೆ ಇನ್ನೊಂದು. ಪಕ್ಕದಲ್ಲಿ ನಿಂತ ಅಪ್ಪನ ಮುಖ ನೆನಪು ಮಾಡಿಕೊಳ್ಳಿ. ತೂಕದ ಮುಳ್ಳಿನಿಂದ ಅವರ ಕಣ್ಣು ಕದಲುವುದಿಲ್ಲ.

ಈ ಹತ್ತು ನಿಮಿಷದ ಕೆಲಸ ಏಕೆ ಬೇಕು? ಚೀಲದೊಳಗಿನ ಸರಕು ಎಂಥದ್ದೆಂದು ಬೆಳೆದವರಿಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಹೀಗೆ ಒಂದು ಕಡೆಯವರಿಗೆ ಮಾತ್ರ ಗೊತ್ತಿದ್ದಾಗ ಮಾರುಕಟ್ಟೆಗೆ ಏನಾಗುತ್ತದೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆ ಇಟ್ಟುಕೊಂಡು ತೋರಿಸಿದರು. ಕೊಳ್ಳುವವರು ಸರಾಸರಿ ಬೆಲೆ ಮಾತ್ರ ಕೊಡುತ್ತಾರೆ, ಒಳ್ಳೆಯ ಸರಕಿನವರು ಅದಕ್ಕೆ ಕೊಡಲು ಒಪ್ಪದೆ ಹಿಂದೆ ಸರಿಯುತ್ತಾರೆ, ಕೊನೆಗೆ ಕಳಪೆಯೇ ಉಳಿಯುತ್ತದೆ. 2001ರಲ್ಲಿ ಅವರಿಗೆ ನೊಬೆಲ್ ಬಂದದ್ದು ಈ ಬಗೆಯ ಕೆಲಸಕ್ಕೆ. ಔಟ್‌ಟರ್ನ್ ನೋಡುವ ಪದ್ಧತಿ ಆ ಕುಸಿತವನ್ನು ತಡೆಯುವ ಒಂದು ಏರ್ಪಾಡು. ಆದರೆ ಅಳೆಯುವ ಯಂತ್ರ, ಮೀಟರ್ ಎರಡೂ ಕೊಳ್ಳುವವರ ಕೈಯಲ್ಲೇ ಇದ್ದರೆ? ಗೊತ್ತಿರುವವರು, ಗೊತ್ತಿಲ್ಲದವರು ಅದಲುಬದಲಾದರು ನೋಡಿ. ಇಲ್ಲಿಂದ ಒಂದು ಥೀಸಿಸ್ ಹುಟ್ಟಬಹುದು. ಮೈಕ್ರೋ ಓದದವರ ಕಣ್ಣಿಗೆ ಇದು ದಿನನಿತ್ಯದ ವ್ಯಾಪಾರ ಮಾತ್ರ.

ಕೊಯ್ಲಿಗೆ ಬನ್ನಿ. ಕೂಲಿಯನ್ನು ಹಾಜರಿಗೆ (ದಿನದ ಲೆಕ್ಕದಲ್ಲಿ) ಕೊಡಬೇಕೇ, ಕೆ.ಜಿ. ಲೆಕ್ಕದಲ್ಲಿ ಕೊಡಬೇಕೇ? ಕೆ.ಜಿ. ಲೆಕ್ಕವಾದರೆ ಕೈ ಬೇಗ ಓಡುತ್ತದೆ. ಜೊತೆಗೆ ಹಸಿರು ಕಾಯಿಯೂ ಬರುತ್ತದೆ, ರೆಂಬೆ ಮುರಿಯುತ್ತದೆ, ಮುಂದಿನ ವರ್ಷದ ಹೂವಿಗೆ ಏಟು ಬೀಳುತ್ತದೆ. ತೂಕ ಅಳೆಯಬಹುದು, ಜೋಪಾನ ಅಳೆಯಲು ಬರುವುದಿಲ್ಲ. ಅಳೆಯಬಹುದಾದ್ದಕ್ಕೆ ಮಾತ್ರ ಜೋರಾಗಿ ದುಡ್ಡು ಕಟ್ಟಿದರೆ ಅಳೆಯಲಾಗದ್ದು ಹಾಳಾಗುತ್ತದೆ ಎಂಬುದನ್ನು ಬೆಂಗ್ಟ್ ಹೋಮ್‌ಸ್ಟ್ರಾಮ್ ಮತ್ತು ಪಾಲ್ ಮಿಲ್‌ಗ್ರಾಮ್ 1991ರಲ್ಲಿ ಗಣಿತದಲ್ಲಿ ಕಟ್ಟಿದರು. ನಮ್ಮ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್, ಮೇಸ್ತ್ರಿ ಇಬ್ಬರಿಗೂ ಇದು ಅನುಭವದಿಂದ ಗೊತ್ತು. ಒಪ್ಪಂದ ಸಿದ್ಧಾಂತ ಓದಿದವರು ಅದರ ಮುಂದಿನ ಹೆಜ್ಜೆ ಹೇಳಬಲ್ಲರು: ಯಾವ ತೋಟದಲ್ಲಿ, ಯಾವ ತಿಂಗಳಲ್ಲಿ, ಎಷ್ಟು ಮೇಲ್ವಿಚಾರಣೆ ಇದ್ದರೆ ಯಾವ ಕೂಲಿ ಸರಿ.

ಗಣಿತದ ಭಯ ನನಗೆ ಚೆನ್ನಾಗಿ ಗೊತ್ತು. ಬಿ.ಕಾಂ.ನಲ್ಲಿ ನಾನು ಕ್ಯಾಲ್ಕುಲಸ್ ಮುಟ್ಟಿರಲಿಲ್ಲ. ಆದರೆ ಲೆಕ್ಕ ಶುರುವಾಗುವುದು ಎಲ್ಲಿಂದ ನೋಡಿ. ಜನವರಿಯಲ್ಲಿ ಚೀಲಕ್ಕೆ 10,000 ರೂಪಾಯಿ ಇದೆ ಎಂದಿಟ್ಟುಕೊಳ್ಳಿ. ಇಟ್ಟು ಜುಲೈನಲ್ಲಿ ಮಾರಬೇಕೇ? ಬಡ್ಡಿ ವರ್ಷಕ್ಕೆ ಶೇ. 9 ಎಂದರೆ ಆರು ತಿಂಗಳಿಗೆ 450. ಗೋದಾಮಿನಲ್ಲಿ ತೂಕ ಶೇ. 1 ಇಳಿಯಿತು ಎಂದುಕೊಂಡರೆ ಜುಲೈನಲ್ಲಿ ಕನಿಷ್ಠ 10,556ರ ರೇಟ್ ಇದ್ದರೆ ಮಾತ್ರ ನಷ್ಟವಿಲ್ಲ. ಇಷ್ಟು ನಿಮ್ಮ ಮನೆಯಲ್ಲಿ ಎಲ್ಲರೂ ಮಾಡುತ್ತಾರೆ. ಈಗ ಇನ್ನೊಂದು ಸೇರಿಸಿ: ಬೆಲೆ ಏರಬಹುದು, ಬೀಳಲೂಬಹುದು. ಬಿದ್ದರೆ ಮಗಳ ಕಾಲೇಜು ಫೀಸ್ ಕಟ್ಟಲಾಗದ ಮನೆಗೂ, ಇನ್ನೂ ಒಂದು ವರ್ಷ ಕಾಯಬಲ್ಲ ಮನೆಗೂ ಉತ್ತರ ಒಂದೇ ಆಗುವುದಿಲ್ಲ. ಎಲ್ಲ ಚೀಲ ಒಮ್ಮೆಗೇ ಮಾರುವುದು ಬೇಡ, ತಿಂಗಳಿಗೆ ಇಷ್ಟಿಷ್ಟು ಎಂದಾದರೆ ಎಷ್ಟೆಷ್ಟು? ಇಲ್ಲಿಗೆ ಬಾಯಿಲೆಕ್ಕ ನಿಲ್ಲುತ್ತದೆ. ಸಂಭಾವ್ಯತೆ, ಕ್ಯಾಲ್ಕುಲಸ್‌ನ ಡೆರಿವೇಟಿವ್, ಹಂತಹಂತವಾಗಿ ನಿರ್ಧರಿಸುವ ಲೆಕ್ಕವಾದ ಡೈನಾಮಿಕ್ ಪ್ರೋಗ್ರಾಮಿಂಗ್ ಬೇಕಾಗುವುದು ಇಲ್ಲೇ.

ಮ್ಯಾಕ್ರೋ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ರೊಬಸ್ಟಾ ಬೆಲೆ ಲಂಡನ್ನಿನಲ್ಲಿ ಟನ್ನಿಗೆ ಇಷ್ಟು ಡಾಲರ್ ಎಂದು ನಿಗದಿಯಾಗುತ್ತದೆ. 1991ರ ಜುಲೈನಲ್ಲಿ ರೂಪಾಯಿ ಅಪಮೌಲ್ಯವಾದಾಗ ಅದೇ ಡಾಲರಿಗೆ ಹೆಚ್ಚು ರೂಪಾಯಿ ಬರುವಂತಾಯಿತು, ಆಮದಾಗುವ ಸರಕಿಗೆ ಕೊಡಬೇಕಾದ ರೂಪಾಯಿಯೂ ಹೆಚ್ಚಾಯಿತು. ವಿನಿಮಯ ದರ, ಬಡ್ಡಿ ದರ ಗೊತ್ತಿಲ್ಲದೆ ಕಾಫಿ ವ್ಯವಹಾರದ ಬಗ್ಗೆ ಬರೆಯಲು ಹೊರಡಬೇಡಿ.

ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದುಕೊಂಡಿರುವುದು ಎಕನಾಮೆಟ್ರಿಕ್ಸ್ ಹತ್ತಿರ. ಮನೆಯ ಹಿರಿಯರನ್ನು ಕೇಳಿ, ಕಾಫಿಗೆ ಒಳ್ಳೆಯ ಕಾಲ ಯಾವಾಗ ಬಂತು ಎಂದು. ‘ತೊಂಬತ್ನಾಲ್ಕರ ಹೊತ್ತಿಗೆ, ಫ್ರೀ ಸೇಲ್ ಆದ ಮೇಲೆ’ ಎನ್ನುತ್ತಾರೆ. ಆಗ ಕಟ್ಟಿದ ಮನೆಗಳನ್ನೂ ತೋರಿಸುತ್ತಾರೆ. ಅವರ ಮಾತಿಗೆ ಆಧಾರವಿದೆ. 1942ರ ಕಾಫಿ ಕಾಯ್ದೆಯ ಕಾಲದಿಂದ ಬೆಳೆಗಾರರು ಬೆಳೆಯನ್ನು ಕಾಫಿ ಬೋರ್ಡಿನ ಪೂಲ್‌ಗೆ (ಎಲ್ಲರ ಬೆಳೆ ಒಟ್ಟು ಸೇರಿಸಿ ಮಾರುವ ವ್ಯವಸ್ಥೆಗೆ) ಕೊಡಬೇಕಿತ್ತು, ಹಣ ಕಂತುಕಂತಾಗಿ ಬರುತ್ತಿತ್ತು. ತೊಂಬತ್ತರ ದಶಕದ ಆರಂಭದಲ್ಲಿ ಬೆಳೆಯ ಒಂದು ಪಾಲನ್ನು ಸ್ವಂತವಾಗಿ ಮಾರಲು ಅವಕಾಶವಾಯಿತು, ಆ ಪಾಲು ಹೆಚ್ಚುತ್ತಾ ಹೋಯಿತು, 1996ರ ಹೊತ್ತಿಗೆ ಎಲ್ಲರಿಗೂ ಪೂರ್ತಿ ಬಿಡುಗಡೆ. ಬೆಳೆಗಾರರ ಕೈಗೆ ಬಂದ ಬೆಲೆ ಏರಿತು. ಹಾಗಾದರೆ ಮುಕ್ತ ಮಾರಾಟದಿಂದ ಬೆಳೆಗಾರರಿಗೆ ಲಾಭವಾಯಿತು ಎಂದು ಬರೆದು ಮುಗಿಸೋಣವೇ?

1994ರ ಜೂನ್, ಜುಲೈನಲ್ಲಿ ಬ್ರೆಜಿಲ್‌ನಲ್ಲಿ ಎರಡು ಸಲ ಹಿಮ (ಫ್ರಾಸ್ಟ್) ಬಿದ್ದು ಕಾಫಿ ತೋಟಗಳು ಸುಟ್ಟುಹೋದವು. ಲೋಕದ ಮಾರುಕಟ್ಟೆಯಲ್ಲಿ ಬೆಲೆ ಕೆಲವೇ ವಾರಗಳಲ್ಲಿ ಜಿಗಿಯಿತು. ಅಂದರೆ ಆ ಹೊಸ ಮನೆಗಳಲ್ಲಿ ಎಷ್ಟು ಕಲ್ಲು ಫ್ರೀ ಸೇಲ್‌ನದು, ಎಷ್ಟು ಕಲ್ಲು ಬ್ರೆಜಿಲ್‌ನ ಹಿಮದ್ದು? ಎರಡೂ ಒಂದೇ ಹೊತ್ತಿಗೆ ಬಂದಿವೆ. ‘ಮೊದಲು ಹೀಗಿತ್ತು, ಆಮೇಲೆ ಹೀಗಾಯಿತು’ ಎಂಬ ಹೋಲಿಕೆಯಿಂದ ಇವನ್ನು ಬೇರ್ಪಡಿಸಲು ಸಾಧ್ಯವೇ ಇಲ್ಲ. ನನ್ನ ಮುನ್ನೂರು ಪ್ರಶ್ನಾವಳಿಯನ್ನು ಮೂರು ಸಾವಿರ ಮಾಡಿದ್ದರೂ ಸಾಧ್ಯವಿರಲಿಲ್ಲ.

ಇಲ್ಲಿ ತರಗತಿಯಲ್ಲಿ ಕಲಿತದ್ದು ಕೈಗೆ ಬರುತ್ತದೆ. ಬಿಡುಗಡೆ ಎಲ್ಲರಿಗೂ ಒಂದೇ ದಿನ ಸಿಗಲಿಲ್ಲ. 10 ಹೆಕ್ಟೇರ್‌ವರೆಗಿನ ಸಣ್ಣ ಬೆಳೆಗಾರರಿಗೆ ಪೂರ್ತಿ ಸ್ವಾತಂತ್ರ್ಯ ಮೊದಲು ಬಂತು, ದೊಡ್ಡವರಿಗೆ ತಡವಾಗಿ. ಬ್ರೆಜಿಲ್‌ನ ಹಿಮವಾದರೋ ಇಬ್ಬರಿಗೂ ಒಂದೇ. ಆ ನಡುವಿನ ಕಾಲದಲ್ಲಿ ಸಣ್ಣವರ ಬೆಲೆಯಲ್ಲಾದ ಬದಲಾವಣೆಯಿಂದ ದೊಡ್ಡವರ ಬೆಲೆಯಲ್ಲಾದ ಬದಲಾವಣೆಯನ್ನು ಕಳೆದರೆ ಹಿಮದ ಪಾಲು ಹೊರಗೆ ಹೋಗುತ್ತದೆ. ‘ಡಿಫರೆನ್ಸ್ ಇನ್ ಡಿಫರೆನ್ಸಸ್’ ಎಂದು ಇದರ ಹೆಸರು. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ 1992ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಕನಿಷ್ಠ ಕೂಲಿ ಏರಿದಾಗ ಪಕ್ಕದ ಪೆನ್ಸಿಲ್ವೇನಿಯಾದ ಜೊತೆ ಹೋಲಿಸಿ ನೋಡಿದ್ದು ಇದೇ ದಾರಿಯಲ್ಲಿ. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು.

ಇಲ್ಲಿಗೆ ಮುಗಿಯಿತೇ ಎಂದರೆ, ಒಳ್ಳೆಯ ತರಗತಿಯಲ್ಲಿ ಮುಗಿಯಲು ಬಿಡುವುದಿಲ್ಲ. ‘ಹಿಮದ ಪರಿಣಾಮ ಇಬ್ಬರಿಗೂ ಒಂದೇ ಎಂದಿರಲ್ಲ, ಹೌದೇ?’ ಎಂದು ಕೇಳುತ್ತಾರೆ. ದೊಡ್ಡ ಎಸ್ಟೇಟಿನವರಿಗೆ ಗೋದಾಮು ಇದೆ, ಏರುವ ಬೆಲೆಗೆ ಕಾಯಬಲ್ಲರು. ಹಾಗಾದರೆ 9 ಹೆಕ್ಟೇರಿನವರನ್ನು 11 ಹೆಕ್ಟೇರಿನವರ ಜೊತೆ ಮಾತ್ರ ಹೋಲಿಸಿ, ಅವರ ಬದುಕು ಹೆಚ್ಚುಕಡಿಮೆ ಒಂದೇ ಥರ. ಸರಿ. ಆಗ ಕೊಡಗಿನವರಿಗೆ ಮಾತ್ರ ಹೊಳೆಯುವ ಪ್ರಶ್ನೆ ಬರುತ್ತದೆ: ಒಕ್ಕಕ್ಕೆ (ಕೊಡವ ಕೂಡುಕುಟುಂಬಕ್ಕೆ) ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗದಲ್ಲಿ 10 ಹೆಕ್ಟೇರ್ ಎಂದರೆ ಯಾರದು? ದಾಖಲೆಯಲ್ಲಿ ಒಕ್ಕದ ಹಿರಿಯರಾದ ಪಟ್ಟೆದಾರರ ಹೆಸರು, ತೋಟ ನೋಡಿಕೊಳ್ಳುವವರು ನಾಲ್ಕು ಮನೆಯವರು. ಕಾಗದದಲ್ಲಿ ದೊಡ್ಡವರು ವ್ಯವಹಾರದಲ್ಲಿ ಸಣ್ಣವರು. ಸಣ್ಣವರಿಗೆ ಸೌಲಭ್ಯ ಎಂದಾಗ ಪಾಲು ಮಾಡಿಸಿಕೊಂಡು ಗೆರೆಯ ಈಚೆಗೆ ಬಂದವರು ಇರಬಹುದೇ? ಇದ್ದರೆ ನಮ್ಮ ಹೋಲಿಕೆ ಕೆಡುತ್ತದೆ. ಇದನ್ನು ಹಾರ್ವರ್ಡ್‌ನಲ್ಲಿ ಕೂತವರು ಊಹಿಸಲಾರರು. ಜಮ್ಮಾ ಬಾಣೆಯ ಮನೆಯಲ್ಲಿ ಹುಟ್ಟಿಯೂ ಎಕನಾಮೆಟ್ರಿಕ್ಸ್ ಓದದವರಿಗೆ ಇದು ಪ್ರಶ್ನೆಯೆಂದೇ ಕಾಣುವುದಿಲ್ಲ. ಎರಡೂ ಇರುವವರು ಈ ಹಾಲ್‌ನಲ್ಲಿ ತಯಾರಾಗಬಹುದು ಎಂಬ ನಂಬಿಕೆಯಿಂದಲೇ ನಾನು ಬಂದದ್ದು.

ಇನ್ನು ಪ್ರಕಟಣಾ ನೀತಿಯ ಆ ಎರಡು ಕ್ರೆಡಿಟ್. ದಯವಿಟ್ಟು ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2018ರ ಯು.ಜಿ.ಸಿ. ನಿಯಮದಂತೆ ಥೀಸಿಸ್‌ನಲ್ಲಿ ಬೇರೆಯವರ ಬರಹದ ಜೊತೆ ಹೋಲಿಕೆ ಶೇ. 10ರ ಒಳಗಿದ್ದರೆ ದಂಡವಿಲ್ಲ, 60 ಮೀರಿದರೆ ನೋಂದಣಿಯೇ ರದ್ದು. ನನಗೆ ಅದಕ್ಕಿಂತ ಮುಖ್ಯವಾದದ್ದು ಬೇರೆ. ನಿಮ್ಮ ಅಂಗಳದಲ್ಲಿ ಕೂರಿಸಿ ಸಾಲದ ಲೆಕ್ಕ ಬಿಚ್ಚಿಟ್ಟವರ ಹೆಸರು, ಕಾರ್ಮಿಕರ ಲೈನ್ ಮನೆಯಲ್ಲಿ ಕೂಲಿಯ ತಕರಾರು ಹೇಳಿಕೊಂಡವರ ಗುರುತು ನಿಮ್ಮ ಬರಹದಿಂದ ಹೊರಬೀಳಬಾರದು. ಕೊಡಗು ಚಿಕ್ಕ ಜಿಲ್ಲೆ. ಊರಿನ ಹೆಸರು, ತೋಟದ ವಿಸ್ತೀರ್ಣ ಎರಡೇ ಬರೆದರೂ ಅದು ಯಾರ ಮನೆ ಎಂದು ಓದುವವರಿಗೆ ತಿಳಿದುಬಿಡುತ್ತದೆ.

ಪ್ರಶ್ನೆಗಳ ಹೊತ್ತಿನಲ್ಲಿ, ಪದವಿಪೂರ್ವ ಕಾಲೇಜಿನಲ್ಲಿ ಪಾಠ ಮಾಡುತ್ತಿರುವ ಒಬ್ಬರು ಕೆಲಸ ಬಿಡದೆ ಇದನ್ನೆಲ್ಲ ಓದಬಹುದೇ ಎಂದು ಕೇಳಿದರು. ಓದಬಹುದು. 2022ರ ನಿಯಮ ಅರೆಕಾಲಿಕ ಪಿಎಚ್.ಡಿ.ಗೆ ಅವಕಾಶ ಕೊಡುತ್ತದೆ. ಕೆಲಸದ ಕಡೆಯಿಂದ ನಿರಾಕ್ಷೇಪಣಾ ಪತ್ರ ಬೇಕು, ಕೋರ್ಸ್‌ವರ್ಕ್‌ಗೆ ಮಾತ್ರ ರಿಯಾಯಿತಿ ಇಲ್ಲ. ಮಹಿಳೆಯರಿಗೆ ಹೆಚ್ಚುವರಿ ಎರಡು ವರ್ಷದ ಅವಕಾಶವಿದೆ, ಹೆರಿಗೆ ಮತ್ತು ಮಕ್ಕಳ ಆರೈಕೆಗೆ 240 ದಿನಗಳವರೆಗೆ ರಜೆಯೂ ಇದೆ. ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. (ಸಂಶೋಧನಾ ಫೆಲೋಶಿಪ್) ಸಿಕ್ಕವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಬರುತ್ತದೆ, ಪೂರ್ಣಾವಧಿ ಓದಲು ಧೈರ್ಯ ಕೊಡುವ ಮೊತ್ತ ಅದು. ಅಲ್ಲಿಯವರೆಗೆ ಸಂಜೆ ಒಂದು ಗಂಟೆ ಗಣಿತಕ್ಕೆ ಮೀಸಲಿಡಿ. ‘ಎನ್‌ಪಿಟೆಲ್’, ‘ಸ್ವಯಂ’ ಎಂಬ ತಾಣಗಳ ಆನ್‌ಲೈನ್ ಪಾಠಗಳನ್ನು ಹಣ ಕೊಡದೆ ಕೇಳಬಹುದು. ಲೀನಿಯರ್ ಆಲ್ಜೀಬ್ರಾ ಮತ್ತು ಸಂಭಾವ್ಯತೆಯಿಂದ ಶುರು ಮಾಡಿ.

ಕೊನೆಯ ಪ್ರಶ್ನೆ ಪೊನ್ನಂಪೇಟೆ ಕಡೆಯ ಎಂ.ಕಾಂ. ವಿದ್ಯಾರ್ಥಿನಿಯದು. ಅವರ ಮನೆಯಲ್ಲಿ ಅಜ್ಜನ ಕಾಲದಿಂದ ತೋಟದ ಲೆಕ್ಕದ ಪುಸ್ತಕಗಳಿವೆಯಂತೆ. ದಿನಾಂಕ, ಚೀಲ, ಔಟ್‌ಟರ್ನ್, ರೇಟ್, ಯಾರಿಗೆ ಮಾರಿದ್ದು, ಎಲ್ಲವೂ ನೀಲಿ ಶಾಯಿಯಲ್ಲಿ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಯಾವ ದಿನ, ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಪಾಲು) ಬಂತು ಎಂಬುದು ಪಕ್ಕದ ಅಂಚಿನಲ್ಲಿ. ‘ಇದು ಡೇಟಾ ಆಗುತ್ತದೆಯೇ ಸರ್?’ ಎಂದು ಕೇಳಿದರು.

ಆಗುತ್ತದಮ್ಮ. ಮೊದಲು ಆ ಪುಸ್ತಕಗಳನ್ನು ಈ ಮಳೆಗಾಲ ಮುಗಿಯುವ ಮೊದಲೇ ಪುಟಪುಟ ಫೋಟೊ ತೆಗೆದಿಡಿ, ಬೂಷ್ಟು ಹಿಡಿದರೆ ಶಾಯಿ ಹೋಗುತ್ತದೆ. ಆಮೇಲೆ ನಿಧಾನವಾಗಿ ಅದರಲ್ಲಿ ಏನು ಬರೆದಿಲ್ಲ ಎಂದು ನೋಡಿ. ರೇಟ್ ಕೇಳಿ ಮಾರದೆ ವಾಪಸ್ ಕಳಿಸಿದ ಖರೀದಿದಾರರು ಅದರಲ್ಲಿಲ್ಲ. ಅಜ್ಜ ಬೇಡ ಎಂದ ಆ ರೇಟ್‌ಗಳು ಅದರಲ್ಲಿಲ್ಲ. ಅವು ಅಜ್ಜಿಗೆ ನೆನಪಿರಬಹುದು. ಇವತ್ತು ಮನೆಗೆ ಹೋದ ಕೂಡಲೇ ಅವರನ್ನು ಕೇಳಿ ಬರೆದಿಟ್ಟುಕೊಳ್ಳಿ.